ಬೇರಿನ ಪೈಪು, ದಿಂಡಿನ ಪೈಪು

ಬನಹಟ್ಟ್ಯಾಗ ನಂದೊಂದು ಬಡಗಿ ಅಂಗಡಿ ಐತಿ. ಮಗ್ಗದ ಲಾಳಿ, ಲಟ್ಟಣಿಗಿ, ತೊಟ್ಟಲಾ, ಏನ ಹೇಳಿದ್ರೂ ಮಾಡಿಕೊಡ್ತೇನಿ. ಬಡಗ್ಯಾನ ಹಂತ್ಯಾಕ ಜನ ಮುರದ ಸಾಮಾನಷ್ಟ ತರಂಗಿಲ್ಲ, ಅದು ಹ್ಯಾಂಗ ಮುರೀತು ಅನ್ನೂದನ್ನೂ ಕುಂತು ಹೇಳಿಯ ಹೋಗ್ತಾರ. ಹಿಂಗಾಗಿ ನಗೂ ಅಂಥಾ ಪ್ರಸಂಗ ನನಗ ದಿನಕ್ಕೊಂದು ತಪ್ಪಿದ್ದಲ್ಲ. ಆದ್ರ ಈಗ ಹೇಳಾಕತ್ತಿದ್ದು ಎಲ್ಲಾ ಒಬ್ಬನ ಮನಷ್ಯಾಂದು. ಹುನ್ನೂರ ಹವಾಲ್ದಾರ. ಜಮಖಂಡಿ ಸಾಲ್ಯಾಗ ನಾವಿಬ್ರೂ ಒಂದ ಬಾಕಿನ ಮ್ಯಾಲ ಕುಂತಾವ್ರು. ಅಂವ ಮಿಲಿಟರಿಗೆ ಹೋದ, ನಾ ಉಳಿ ಹಿಡದ್ನಿ. ಹೋದ ಶ್ರಾವಣದಾಗ ಅಂವ ತೀರ್ಕೊಂಡ. ಅಂವನ್ನ ನೆನಸಿದ್ರ ನನಗ ಮೊದಲ ನಗು ಬರ್ತೈತಿ, ಆಮ್ಯಾಲ ಕಣ್ಣಾಗ ನೀರು. ಬರೇ ನಗುವರ ಬರ್ಲಿ, ಬರೇ ಅಳುವರ ಬರ್ಲಿ ಅಂತ ಭಾಳ ನೋಡೇನಿ, ಬರವಲ್ದು.

೧. ಬೇರಿನ ಗಂಟು

ಹವಾಲ್ದಾರ ಮಿಲಿಟರ್ಯಾಗ ಒಬ್ಬ ದೊಡ್ಡ ಸಾಹೇಬ್ರ ಜೀಪ್ ಹೊಡೀತಿದ್ದ. ಆ ಸಾಹೇಬ್ರು ಪೈಪ್ ಸೇದಾವ್ರು. ವರ್ಷಗಟ್ಟಲೆ ಅವರ ಹೊಗಿ ಕುಡದು ಕುಡದು ಇಂವಗೂ ಅದರ ಮ್ಯಾಲ ಜೀವ. ರಿಟೈರ್ ಆಗೂ ದಿನ ಸಾಹೇಬ್ರು ಒಂದು ಹೊಸಾ ಪೈಪನ್ನ ಡಬ್ಬಿ ಸಮೇತ ಕೈಯಾಗ ಇಟ್ಟು, ಒಂದು ಛಲೋ ದಿನ ನೋಡಿ ಹಚ್ಚು, ನನ್ನ ನೆನಸು ಅಂದ್ರಂತ. ಅವ್ರು ಪ್ರೀತಿಲೆ ಅಂದದ್ದನ್ನ ಇಂವ ಆರ್ಡರ್ ಅಂತ ತಿಳಕೊಂಡ. ಛಲೋ ದಿನ ಬರೂತನಕ ಹಚ್ಚೂ ಹಂಗಿಲ್ಲ, ಬಂದ ದಿನ ತಪ್ಪಸೂ ಹಂಗಿಲ್ಲ.

ಊರಿಗೆ ಬಂದ ವಾರದಾಗ ಆ ಡಬ್ಬಿ ತಗೊಂಡು ನನ್ನ ಅಂಗಡಿಗೆ ಬಂದ. ಮೊದಲ ನನ್ನ ಕೈ ತೊಳಸಿದ, ಆಮ್ಯಾಲ ಮುಚ್ಚಳ ತಗದ. ನಾ ಕಟಗಿ ಮುಟ್ಟಿ ಹೆಸರ ಹೇಳಾಂವ. ಸಾಗವಾನಿ ಅಲ್ಲ, ಬೀಟಿ ಅಲ್ಲ, ಜಾಲಿ ಅಂತೂ ಅಲ್ಲವ ಅಲ್ಲ. ತೂಕ ಹಗರ, ಮೈ ತುಂಬ ಸುಳಿ. ಸೋತು ಕೇಳಿದ್ನಿ. ಅದಕ್ಕ ಬ್ರಯರ್ ಅಂತಾರ, ಪರದೇಶದ ಒಂದು ಕಂಟಿ, ಅದರ ಬೇರಿನ ಗಂಟು ಕೊರದು ಮಾಡಿದ್ದು, ಬೆಂಕಿಗೆ ಸುಡಂಗಿಲ್ಲ ಅಂತ ಎದಿ ಉಬ್ಬಿಸಿ ಹೇಳಿದ.

"ಬೇರಿನ ಗಂಟು ಸುಡಂಗಿಲ್ಲೇನ? ನಮ್ಮ ಮನ್ಯಾಗ ದಿನಾ ಅದನ್ನ ಒಲಿಗೆ ಹಾಕಿ ಜಳಕದ ನೀರ ಕಾಸ್ತಾರಲ್ಲೋ" ಅಂದ್ನಿ.

ಹದಿನೈದು ದಿನ ನನ್ನ ಕೂಡ ಮಾತ ಬಿಟ್ಟಿದ್ದ.

೨. ಬೇವು

ಮಾತು ಮತ್ತ ಸುರು ಆದದ್ದೂ ಪೈಪಿನ ಸಲವಾಗೇ. ಸಾಹೇಬ್ರ ಪೈಪು ಡಬ್ಬ್ಯಾಗ ಇರಲಿ, ದಿನಾ ಸೇದಾಕ ಒಂದು ಬೇಕಲ್ಲ. ಬೀಡಿ ಸೇದಿದ್ರ ಹವಾಲ್ದಾರಕಿ ಹೋತು ಅಂತ ಅಂವನ ಲೆಕ್ಕ. ಅವರಪ್ಪ ಕುರಿ ಹಿಂದ ತಿರಗಕೋಂತ ಮಣ್ಣಿನ ಚಿಲುಮಿ ಸೇದಾಂವ. ಇಂವ ಚಿಲುಮಿ ಹಿಡದ್ರ, ದೇಶಾ ತಿರಗಿ ಬಂದೂ ಅಪ್ಪನ ಹಂಗ ಆದ ಅಂತ ಊರಾಗ ನಗ್ತಾರಂತ. ಅದಕ್ಕ ಸಾಹೇಬ್ರದರಂಥಾದೊಂದು ಮಾಡಿಕೊಡಲೇ ಅಂತ ಬೆನ್ನ ಹತ್ತಿದ.

ಜಾಲಿ ಕಟಗ್ಯಾಗ ಮಾಡಿದ್ನಿ, ಮೂರನೇ ದಿನಕ್ಕ ಸೀಳಿತು. ಆಮ್ಯಾಲ ನಾನ ಶಾಣ್ಯಾತನ ಮಾಡಿ ಬೇವಿಂದು ತಗೊಂಡ್ನಿ, ಗಟ್ಟಿ ಇರ್ತೈತಿ, ಹುಳಾ ಹತ್ತಂಗಿಲ್ಲ ಅಂತ. ಮೊದಲನೇ ಝುರಕಿ ಎಳದಾಗ ಅಂವನ ಮಾರಿ ನೋಡಬೇಕಿತ್ತು. ಆದ್ರ ಹವಾಲ್ದಾರ ಸೋಲಾಂವಲ್ಲ. ಬೇವು ಶುಗರಿಗೆ ಛಲೋ, ಸೇದಿದಂಗೂ ಆತು ಔಷಧ ತಗೊಂಡಂಗೂ ಆತು ಅಂತ ಹೇಳ್ಕೋಂತ ಒಂದು ತಿಂಗಳ ಸೇದಿದ. ತಿಂಗಳಾದ ಮ್ಯಾಲ ರಕ್ತಾ ತೋರಿಸಿದ್ರ ಶುಗರ್ ಏರಿ ಕುಂತಿತ್ತು. ಬಾಯಾಗಿನ ಕಹಿ ಹೋಗಲಿ ಅಂತ ಪ್ರತಿ ಸಲಾ ಸೇದಿದ ಮ್ಯಾಲ ಮಹಾಲಿಂಗಪುರದ ಬೆಲ್ಲ ಒಂದೊಂದು ಹೆಂಟಿ ತಿಂದಿದ್ದ.

೩. ದಿಂಡು

ಆ ವರ್ಷ ಅಂವನ ಹೊಲದಾಗ ಗೋವಿನಜ್ವಾಳ ಛಲೋ ಬಂದಿತ್ತು. ಕಾಳ ಬಿಡಿಸಿದ ಮ್ಯಾಲ ಉಳಿದ ದಿಂಡು ಒಂದು ಚೀಲ ತುಂಬಕೊಂಡು ಬಂದು ನನ್ನ ಮುಂದ ಸುರುವಿದ. ಅಮೇರಿಕಾದಾಗ ದೊಡ್ಡ ದೊಡ್ಡ ಜನರಲ್‌ಗಳೂ ಈ ದಿಂಡಿನ ಪೈಪ್ ಸೇದ್ತಾರ, ಅಗ್ಗದ್ದು ಆದ್ರ ಹೊಗಿ ತಂಪು ಅಂತ ಸಾಹೇಬ್ರು ಹೇಳಿದ್ದರಂತ. ನಂಬಿಕಿ ಇಲ್ಲದನ ಒಂದನ್ನ ಲೇತ್ ಮಷೀನಿಗೆ ಹಾಕಿ ಕೊರದ್ನಿ, ಬಗಲಾಗ ತೂತು ಹಾಕಿ ಸಣ್ಣ ಬಿದರಿನ ಕೊಳವಿ ಕೂಡಿಸಿದ್ನಿ. ನಿಪ್ಪಾಣಿ ತಂಬಾಕು ತುಂಬಿ ಹಚ್ಚಿದ. ಕಣ್ಣ ಮುಚ್ಚಿದ. ಗ್ವಾಡಿಗೆ ಬೆನ್ನ ಹಚ್ಚಿ ಕುಂತ. ಹೋಗುವಾಗ ಇನ್ನೆರಡು ಕೊರದು ಇಡು ಅಂದ.

ಅವತ್ತಿಂದ ಎರಡು ತಿಂಗಳಿಗೊಂದು ದಿಂಡು. ಒಳಗ ಸುಟ್ಟು ಕರಕಾದದ್ದನ್ನ ಒಲಿಗೆ ಒಗಿಯೂದು, ಹೊಸಾದು ಒಯ್ಯೂದು. ಹನ್ನೊಂದು ವರ್ಷ ಕೊರದು ಕೊಟ್ಟೇನಿ. ನಾ ಒಂದಿನಾನೂ ಸೇದಾಂವಲ್ಲ, ತಂಬಾಕು ಕಂಡ್ರ ಸೀನು ಬರ್ತಾವ ನನಗ. ಆದ್ರ ಅಂವ ಅಂಗಡಿ ಬಾಗಲದಾಗ ಕುಂತು ಹೊಗಿ ಬಿಟ್ರ ಆ ದಿನ ನನ್ನ ಕೆಲಸ ಹಗರ ಆಗ್ತಿತ್ತು.

ಒಂದಿನ ಕಟ್ಟಿ ಮ್ಯಾಲ ಇಟ್ಟಿದ್ದ ಪೈಪನ್ನ ಅವರ ಮನಿ ಹೋತ ತಂಬಾಕು ಸಮೇತ ತಿಂದು ಬಿಡ್ತು. ಸಾಯ್ತೈತಿ ಅಂತ ಎಲ್ಲಾರೂ ಗಾಬರಿ ಆದ್ರು. ಸಾಯಲಿಲ್ಲ, ಅದಕ್ಕ ರುಚಿ ಹತ್ತಿತು. ಮರುದಿನದಿಂದ ಅಂವ ಪೈಪ್ ತಗದ್ರ ಸಾಕು, ಹೋತ ಬಂದು ಎದರಿಗೆ ನಿಂದರ್ತಿತ್ತು. ಅಂವನ ಹೇಣ್ತಿ, ನನಗ ವೈನಿ, ಮೊದಲಿಂದ ಈ ಹೊಗಿ ಕಂಡ್ರ ಆಗದಾಕಿ.

"ಮನ್ಯಾಗ ಈಗ ಇಬ್ಬರಿಗೆ ಚಟ ಹತ್ತೇತಿ ನೋಡ್ರಿ," ಅಂದಳು ನನ್ನ ಮುಂದ. "ಒಂದಕ್ಕರ ಕೊಳ್ಳಾಗ ಹಗ್ಗ ಐತಿ, ಕಟ್ಟಿ ಹಾಕಬೌದು."

೪. ಗೇಟು

ಒಂದು ಹಂಗಾಮಿಗೆ ಸಕ್ಕರಿ ಕಾರ್ಖಾನ್ಯಾಗ ಗೇಟ್ ಕಾಯೂ ಕೆಲಸಕ್ಕ ಸೇರಿದ್ದ. ಕಬ್ಬಿನ ಟ್ರ್ಯಾಕ್ಟರಿನವ್ರು ಬಾಯಾಗಿನ ಪೈಪ್ ನೋಡಿ, ಯಾರೋ ದೊಡ್ಡ ಸಾಹೇಬ್ರು ಅಂತ ಕೈ ಮುಗದು ಹೋಗಾವ್ರು. ಹೊಸದಾಗಿ ಬಂದ ಮ್ಯಾನೇಜರ್ ಸೈತ ಮೊದಲನೇ ದಿನ ಗಾಡಿ ಇಳದು ನಮಸ್ಕಾರ ಮಾಡಿ, ಒಳಗ ಹೋಗಬೌದೇನ್ರಿ ಅಂತ ಕೇಳಿದ್ರಂತ. ಇಂವ ಹೋಗ್ರಿ ಅಂತ ತಲಿ ಅಳ್ಳಾಡಿಸಿದ. ಮರುದಿನ ಖರೆ ಸಂಗತಿ ತಿಳದ ಮ್ಯಾಲ ಅವ್ರು ಹತ್ತರ ಬಂದು, ಅದು ಯಾವ ಕಟಗಿ ಅಂತ ಕೇಳಿದ್ರು. ಇದು ಗೋವಿನಜ್ವಾಳದ ದಿಂಡ್ರಿ, ಖರೇದು ಮನ್ಯಾಗೈತಿ ಅಂದ.

"ಅದು ಮನ್ಯಾಗ ಇರಲಿ ಹವಾಲ್ದಾರ," ಅಂದ್ರು ಅವ್ರು. "ಅದನ್ನ ತಂದ್ರ ನಾ ದಿನಾ ಗಾಡಿ ಇಳೀಬೇಕಾಗ್ತೈತಿ."

೫. ಛಲೋ ದಿನ

ಮಗಳ ಮದವಿ ಬಂತು. ಛಲೋ ದಿನ ಅಂದ್ರ ಇದ ಅಂತ ಡಬ್ಬಿ ಕಿಸೇದಾಗ ಇಟಗೊಂಡು ಮುಂಜಾನಿಂದ ತಿರಗಿದ. ಅಕ್ಕಿಕಾಳು ಬಿತ್ತು, ಊಟ ಆತು, ಕಳಸೂ ಹೊತ್ತಿಗೆ ಮಗಳು ಅಪ್ಪನ ಕೊಳ್ಳಿಗೆ ಬಿದ್ದು ಅತ್ತಳು. ಡಬ್ಬಿ ಕಿಸೇದಾಗ ಉಳೀತು. ಮಗಳು ಅಳೂ ದಿನ ಛಲೋ ದಿನ ಹ್ಯಾಂಗಾದೀತು ಅಂತ ನನ್ನ ಕೇಳಿದ. ಮೊಮ್ಮಗ ಹುಟ್ಟಿದಾಗ, ಕೂಸು ಇರೂ ಮನ್ಯಾಗ ಹೊಗಿ ಬ್ಯಾಡ ಅಂದ. ಹಿಂಗ ಒಂದೊಂದ ದಿನಾ ಏನರ ಒಂದು ಕಡಿಮಿ ಬಿದ್ದು ಹೋಗ್ತಿತ್ತು.

ಹೊಲದಾಗ ಬೋರಿಗೆ ನೀರು ಬಿದ್ದಾಗ ಮಾತ್ರ ಖರೇನ ಹಚ್ಚತಾನ ಅಂತ ನಾ ಕಡ್ಡಿಪೆಟ್ಟಿಗಿ ಹಿಡಕೊಂಡು ಕುಂತ್ನಿ. ತಂಬಾಕು ತುಂಬಿ ಪೈಪ್ ಬಾಯಾಗ ಇಟಗೊಂಡ. ಇಟಗೊಂಡ ಕೂಡಲೇ ಬೆನ್ನು ಸೆಟದು ನಿಂತಿತು, ಮೊಣಕಾಲು ಕೂಡಿದ್ವು, ಗದ್ದ ಮ್ಯಾಲೆದ್ದಿತು. ನಾ ಕಡ್ಡಿ ಕೊರದು ಹಿಡದ್ನಿ. ಅಂವ ಎಳೀಲೇ ಇಲ್ಲ. ಕಡ್ಡಿ ನನ್ನ ಬೆರಳಿನತನಕ ಬಂದು ಆರಿ ಹೋತು.

"ಆಗವಲ್ದೋ," ಅಂದ. "ಇದು ಬಾಯಾಗ ಬಂತಂದ್ರ ಸಾಹೇಬ್ರು ಹಿಂದಿನ ಸೀಟಿನ್ಯಾಗ ಕುಂತಂಗ ಆಗ್ತೈತಿ."

ಆಮ್ಯಾಲ ಪೈಪ್ ಒರಸಿ ಡಬ್ಬ್ಯಾಗ ಇಟ್ಟು, ದಿಂಡಿಂದು ತಗದು, ಬದುವಿನ ಮ್ಯಾಲ ಅಡ್ಡಾಗಿ ಅರ್ಧಾ ತಾಸು ಸೇದಿದ. ಅವತ್ತ ಸಾಹೇಬ್ರ ಹೆಸರಿನ್ಯಾಗ ಸುಟ್ಟದ್ದು ನನ್ನ ಬೆರಳು ಒಂದ.

೬. ನಿಂತ ಗಾಡಿ

ಯುಗಾದಿ ಸುಮಾರಿಗೆ ಅಂವನ ದನಿ ಒಡೀತು. ನೆಗಡಿ ಅಂದ, ರಾಶಿ ಧೂಳು ಅಂದ. ಮೀರಜ್ ದವಾಖಾನಿಗೆ ನಾನ ಕರಕೊಂಡು ಹ್ವಾದ್ನಿ. ಗಂಟಲದಾಗ ಗಡ್ಡಿ ಬೆಳದೈತಿ, ಬರೂದು ತಡಾ ಆತು ಅಂದ್ರು. ತಂಬಾಕು ಇವತ್ತಿಂದ ಬಂದ್ ಅಂತ ಡಾಕ್ಟರ್ ಹೇಳಿದಾಗ, ಅಂವ ವಿಚಾರ ಮಾಡಿ, ಯಾವ ಪೈಪ್ ಬಿಡಬೇಕ್ರಿ, ದಿಂಡಿಂದೋ ಬೇರಿಂದೋ ಅಂತ ಕೇಳಿದ. ಎರಡೂ ಅಂದ್ರು ಅವ್ರು. ಬೇರಿಂದು ಇನ್ನೂ ಹಚ್ಚೇ ಇಲ್ಲರಿ, ಹಚ್ಚಲಾರದ್ದನ್ನ ಬಿಡೂದು ಹ್ಯಾಂಗ್ರಿ ಅಂದ. ಡಾಕ್ಟರ್ ನಕ್ಕರು.

ನನಗ ನಗಾಕ ಆಗಲಿಲ್ಲ. ಅಂವನ್ನ ಹೊರಗ ಕೂಡಿಸಿ ನಾ ಒಬ್ಬನ ಮತ್ತ ಒಳಗ ಹೋಗಿ, ಆ ದಿಂಡಿನ ಪೈಪ್ ಮಾಡಿಕೊಟ್ಟಾಂವ ನಾನರಿ ಅಂದ್ನಿ. ಅವ್ರು ನನ್ನ ಮಾರಿ ನೋಡಿ, ಪೈಪ್ ಯಾವದಾದ್ರೂ ತಂಬಾಕು ತಂಬಾಕನ, ನೀವು ಮನಿಗೆ ನಡೀರಿ ಅಂದ್ರು. ಸಮಾಧಾನ ಹೇಳಿದ್ರೋ ಬೈದ್ರೋ ಇನ್ನೂ ನನಗ ತಿಳದಿಲ್ಲ. ಹನ್ನೊಂದು ವರ್ಷದಾಗ ಒಮ್ಮೆರ, ಸಾಕು ಬಿಡಪಾ, ಇನ್ನ ಕೊರಿಯಂಗಿಲ್ಲ ಅಂದಿದ್ರ ನನ್ನ ಗಂಟೇನು ಹೋಗ್ತಿತ್ತು.

ಡಾಕ್ಟರ್ ಹೇಳಿದ ದಿನಾನ ಅಂವ ತಂಬಾಕು ಬಿಟ್ಟ. ಬರೇ ಖಾಲಿ ದಿಂಡಿನ ಪೈಪ್ ಬಾಯಾಗ ಇಟಗೊಂಡು ಕುಂದರ್ತಿದ್ದ. ಗಂಟಲಿಗೆ ಕರೆಂಟ್, ಅಂದ್ರ ರೇಡಿಯೇಶನ್, ಕೊಡಸಾಕ ಹೋದಾಗ ಸಿಸ್ಟರ್ ಬಂದು, ಇಲ್ಲೆ ಸೇದಬ್ಯಾಡ್ರಿ ಅಂತ ಜೋರ ಮಾಡಿದಳು. ಅಂವ ಪೈಪ್ ಬೋರಲ ಹಾಕಿ ತೋರಿಸಿದ. ಆದ್ರೂ ತಗೀರಿ ಅಂದಳು. ಅಂವಗ ಆಗ ದನಿ ಉಳದಿರಲಿಲ್ಲ, ಪಿಸುಗುಟ್ಟಿದ್ದನ್ನ ನಾ ಜೋರಲೆ ಹೇಳಬೇಕಾತು.

"ನಿಂತ ಗಾಡಿಗೆ ಸ್ಪೀಡಿಂದು ದಂಡಾ ಹಾಕ್ತೀಯೇನವಾ, ಅನ್ನಾಕತ್ತಾನ್ರಿ."

೭. ಮೂರನೇ ದಿನ

ಶ್ರಾವಣದಾಗ ಅಂವ ಹಾಸಗಿ ಹಿಡದ. ಒಂದಿನ ನಾ ಡಬ್ಬಿ ತಗದು, ಇನ್ನ ಯಾವ ದಿನಾ ಕಾಯ್ತಿ, ನಾ ಹಚ್ಚತೇನಿ, ಒಂದ ಝುರಕಿ ಎಳಿ ಅಂದ್ನಿ. ವೈನಿ ಅಲ್ಲೇ ಇದ್ದಳು, ಬ್ಯಾಡ ಅನ್ನಲಿಲ್ಲ. ಅಂವನ ಒಲ್ಲೆ ಅಂತ ತಲಿ ಅಳ್ಳಾಡಿಸಿದ. ಎದ್ದ ಮ್ಯಾಲ ಅಂತ ಕೈ ಸನ್ನಿ ಮಾಡಿದ. ಏಳಲಿಲ್ಲ.

ಹೊಲದಾಗ ಮಣ್ಣ ಮಾಡಿದ್ವಿ. ಮೂರನೇ ದಿನ ಎಡಿ ಒಯ್ದ್ವಿ. ಹೋಳಗಿ, ಅನ್ನ, ಬದನಿಕಾಯಿ ಪಲ್ಯ, ಅಂವಗ ಸೇರಿದ್ದೆಲ್ಲಾ ಎಲಿ ಮ್ಯಾಲ ಬಡಿಸಿದ್ರು. ಸತ್ತಾವ್ರ ಆಸೆ ಏನರ ಉಳದಿದ್ರ ಕಾಗಿ ಎಡಿ ಮುಟ್ಟಂಗಿಲ್ಲ ಅಂತ ನಮ್ಮ ಕಡೆ ನಂಬಿಕಿ. ಪೈಪೂ ಇಡಬೇಕು ಅಂತ ಎಲ್ಲಾರೂ ಅಂದ್ರು. ಯಾವದು ಇಡೂದು? ದಿನಾ ಸೇದಿದ್ದ ದಿಂಡಿಂದು ಇಡ್ರಿ ಅಂದ್ರು ಹಿರ್ಯಾರು. ನಾನೂ ಹೂಂ ಅಂದ್ನಿ, ಹೊಸಾದೊಂದು ಕೊರಕೊಂಡ ಒಯ್ದಿದ್ನಿ. ವೈನಿ ಸೆರಗಿನ್ಯಾಗಿಂದ ಡಬ್ಬಿ ತಗದಳು.

"ಅದನ್ನ ಅವ್ರು ಸಾಕಷ್ಟು ಸೇದ್ಯಾರ," ಅಂದಳು. "ಉಳದದ್ದು ಇದು."

ತಂಬಾಕು ತುಂಬಿ ಇಟ್ವಿ. ಬರೇ ಇಟ್ರ ಆಗಂಗಿಲ್ಲ, ಹಚ್ಚಬೇಕು ಅಂದ್ರು. ಅಳಿಯ ಕಡ್ಡಿ ಕೊರದು ಹಿಡದ; ಹತ್ತಿದಂಗ ಮಾಡಿ ಆರಿತು. ಎರಡನೇ ಕಡ್ಡಿ, ಮೂರನೇ ಕಡ್ಡಿ. ಊದಬತ್ತಿ ಹಚ್ಚಿದಂಗಲ್ಲ ಅದು, ಯಾರರ ಒಬ್ರು ಉಸರು ಎಳದ್ರನ ಹತ್ತೂದು. ಎಳ್ಯಾಂವ ಮಣ್ಣಾಗ ಇದ್ದ. ಅಲ್ಲೆ ನಿಂತಾವ್ರಾಗ ಬೀಡಿ ಸೇದಾವ್ರು ಭಾಳ ಮಂದಿ ಇದ್ರು, ಆದ್ರ ಎಡಿಗೆ ಇಟ್ಟದ್ದನ್ನ ಬಾಯಿಗೆ ಹಚ್ಚಾಕ ಒಬ್ರೂ ಒಲ್ಲರು. ಕಡೀಕ ನಾ ತಗೊಂಡ್ನಿ. ಎಳೀಬೇಕಾದಾಂವ ಗಾಬರ್ಯಾಗ ಊದಿಬಿಟ್ನಿ. ತಂಬಾಕೆಲ್ಲಾ ಹಾರಿ ಹೋಳಗಿ ಮ್ಯಾಲ ಬಿತ್ತು. ಹುಣಸಿ ಗಿಡದಾಗ ಎರಡು ಕಾಗಿ ಕುಂತು ನಮ್ಮನ್ನ ನೋಡಾಕತ್ತಿದ್ವು. ಹಿರ್ಯಾರು ನನ್ನ ಕೈಯಾಗಿಂದು ಕಸಗೊಂಡ್ರು.

ಆಗ ವೈನಿ ನೆಲಕ್ಕ ಕುಂತು, ಅವರ ಕೈಯಾಗಿನ ಪೈಪ್ ಇಸಗೊಂಡಳು. ಮತ್ತ ತಂಬಾಕು ತುಂಬಿದಳು, ಹೆಬ್ಬೆರಳಲೆ ಒತ್ತಿದಳು, ಥೇಟ್ ಅಂವ ಒತ್ತಿದಂಗ. ಇಷ್ಟು ವರ್ಷ ಬೈಕೋಂತ ನೋಡಿದ್ದಳಲ್ಲ. ಪೈಪ್ ಬಾಯಾಗ ಇಟಗೊಂಡು, ಕಡ್ಡಿ ಕೊರೀರಿ ಅಂತ ನನಗ ಸನ್ನಿ ಮಾಡಿದಳು. ಎಳದಳು. ಕೆಮ್ಮು ಅಂದ್ರ ಕೆಮ್ಮು, ಕಣ್ಣಾಗ ಮೂಗಿನ್ಯಾಗ ನೀರು. ಯಾರೋ ಒಬ್ರು ಕಿಸಕ್ಕನ ನಕ್ಕರು, ಆಮ್ಯಾಲ ಎಲ್ಲಾರಿಗೂ ತಡಕೊಳ್ಳಾಕ ಆಗಲಿಲ್ಲ, ಮಗಳು ಅಳಕೋಂತನ ನಕ್ಕಳು. ಅಕಿ ಬಿಡಲಿಲ್ಲ. ಮತ್ತ ಎಳದಳು, ಮತ್ತ ಕೆಮ್ಮಿದಳು. ಹೊಸಾ ಪೈಪು, ಮೊದಲನೇ ಬೆಂಕಿ, ಲಗೂನ ಹಿಡೀವಲ್ದು. ನಾ ಒಂದೊಂದ ಕಡ್ಡಿ ಕೊರಕೋಂತ ಕುಂತ್ನಿ. ನನಗ ಕಣ್ಣ ಸರಿ ಕಾಣವಲ್ವು.

ನಾವು ಅಕಿನ್ನ ನೋಡೂದ್ರಾಗ ಕಾಗಿ ಯಾವಾಗ ಇಳದ್ವೋ ಯಾರಿಗೂ ಗೊತ್ತಿಲ್ಲ. ತಂಬಾಕು ಬಿದ್ದ ಹೋಳಗೀನ ಅರ್ಧಾ ಮುಗಿಸಿದ್ವು. ಹಿರ್ಯಾರು ಎಡಿ ಕಡೆ ಕೈ ಮುಗದು, ಕಾಗಿ ಮುಟ್ಟಿತವಾ, ಆತು, ಇನ್ನ ಅದನ್ನ ಕೆಳಗ ಇಡು ಅಂದ್ರು.

ವೈನಿ ಪೈಪ್ ಬಾಯಿಂದ ತಗೀಲಿಲ್ಲ. ಅದರ ಒಳಗ ಕೆಂಪಗ ಆಗಿತ್ತು, ನಿಪ್ಪಾಣಿ ತಂಬಾಕಿನ ವಾಸನಿ ನಮ್ಮ ಸುತ್ತಲೂ ತುಂಬಿತ್ತು. ಅಕಿ ಕಣ್ಣ ಮುಚ್ಚಿಕೊಂಡು, ಒಂದ ಕೈಲೆ ಅವರಿಗೆ ನಿಲ್ಲರಿ ಅಂತ ಮಾಡಿ, ಹಲ್ಲ ಸಂದ್ಯಾಗಿಂದ ಅಂದಳು:

"ತಡೀರಿ. ಈಗರ ಹತ್ತೇತಿ."