ಅಮಾವಾಸ್ಯೆಯ ಡಾಕ್ಯುಮೆಂಟರಿ

ಹೊಟ್ಟೆಕಿಚ್ಚಿಗೆ ದೂರದವರು ಆಗಿಬರುವುದಿಲ್ಲ. ಮುಂಬಯಿಯಲ್ಲಿ ಯಾರೋ ಮೋಟಾರು ಕೊಂಡರೆ ನನಗೆ ಸೊಗಸಾದ ನಿದ್ದೆ ಬರುತ್ತದೆ. ಪಕ್ಕದ ಮನೆಯವನು ಹೊಸ ಕೊಡೆ ತಂದರೆ ಮಾತ್ರ ಈ ವರ್ಷ ಮಳೆಯೇ ಬೇಡ ಅನ್ನಿಸುತ್ತದೆ. ನನ್ನ ಪಾಲಿನ ಆ ಪಕ್ಕದ ಮನೆಯವನು ಮಲ್ಲಪ್ಪ. ಬನಹಟ್ಟಿಯಲ್ಲಿ ಅವನೂ ನಾನೂ ಸೀರೆ ನೇಯುವವರು. ನೇಯ್ಗೆಯಲ್ಲಿ ನಾನು ಅವನಿಗಿಂತ ಮೇಲು. ಇದನ್ನು ನಾನೇ ಹೇಳಬೇಕಾಗಿ ಬಂದದ್ದು ಊರಿನವರ ತಪ್ಪು.

ನಾವು ಮುಂಬಯಿ ರಾಜ್ಯದಲ್ಲಿದ್ದ ಆ ಕಾಲದಲ್ಲಿ ಟಾಕೀಸಿನಲ್ಲಿ ಕಥೆಯ ಚಿತ್ರಕ್ಕೆ ಮೊದಲು ಸರಕಾರದ ಒಂದು ಚಿಕ್ಕ ಚಿತ್ರ ತೋರಿಸುತ್ತಿದ್ದರು. ಅಣೆಕಟ್ಟು, ಗೊಬ್ಬರ, ಸಿಡುಬಿನ ಲಸಿಕೆ ಇಂಥವು. ಅದರಲ್ಲಿ ಯಾರೂ ಹಾಡುವುದಿಲ್ಲ, ಯಾರೂ ಅಳುವುದಿಲ್ಲ. ಕಣ್ಣಿಗೆ ಕಾಣದ ಒಬ್ಬ ಮನುಷ್ಯ ಮಾತಾಡುತ್ತಲೇ ಇರುತ್ತಾನೆ. ಕಲಿತವರು ಇದನ್ನು ಡಾಕ್ಯುಮೆಂಟರಿ ಅನ್ನುತ್ತಿದ್ದರು. ನಾವು ಅಷ್ಟರಲ್ಲಿ ಹೊರಗೆ ಹೋಗಿ ಬೀಡಿ ಸೇದಿ ಬರುತ್ತಿದ್ದೆವು.

ಅಂಥದೊಂದು ಚಿತ್ರ ತೆಗೆಯಲು ಜೀಪು ನಮ್ಮ ಓಣಿಗೇ ಬಂತು. ಬಂದದ್ದು ಅಮಾವಾಸ್ಯೆಯ ದಿನ. ಅಂದು ನಮ್ಮಲ್ಲಿ ಮಗ್ಗಕ್ಕೆ ರಜೆ, ಒಂದು ಎಳೆಯನ್ನೂ ನೇಯುವಂತಿಲ್ಲ. “ನಾವು ಇದ್ದದ್ದನ್ನು ಇದ್ದ ಹಾಗೇ ತೆಗೆಯುವವರು,” ಎಂದು ಜೀಪಿನ ಸಾಹೇಬರು ಮರಾಠಿಯಲ್ಲಿ ಹೇಳಿದರು. ನನ್ನ ಹೆಂಡತಿ ಶಂಕ್ರವ್ವ ಆಗಲೇ ಅಂಗಳಕ್ಕೆ ನೀರು ಹೊಡೆದಿದ್ದಳು. “ನಿಮ್ಮಂಗ ನೇಯಾವ್ರು ಯಾರ ಅದಾರ್ರೀ? ನಮ್ಮ ಮನಿಗೇ ಬರ್ತಾರ,” ಅಂದಳು. ಅವಳು ನನ್ನ ಮೇಲೆ ಇಷ್ಟು ಭರವಸೆ ಇಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು. ಸಾಹೇಬರು ಒಳಗೆ ಇಣುಕಿದರು, “ಕತ್ತಲೆ,” ಅಂದರು, ಮಲ್ಲಪ್ಪನ ಮನೆಗೆ ನಡೆದರು.

ಅಲ್ಲಿ ಬೆಳಕಿತ್ತು. ಯಾಕೆ ಇರುವುದಿಲ್ಲ? ಹಿಂದಿನ ಮಳೆಗಾಲದಲ್ಲಿ ಅವನ ಮನೆಯ ಹಿತ್ತಲ ಕಡೆಯ ಗೋಡೆ ಅರ್ಧ ಕುಸಿದಿತ್ತು. ನಾನು ಮೈಮುರಿದು ನನ್ನ ಗೋಡೆ ಮೆತ್ತಿಕೊಂಡಿದ್ದೆ; ಆ ಸೋಮಾರಿ ಹಾಗೇ ಬಿಟ್ಟಿದ್ದ. ಅವನ ಸೋಮಾರಿತನದೊಳಗಿಂದ ಬಿಸಿಲು ಬಂದು ನೇರ ಮಗ್ಗದ ಮೇಲೆ ಬಿದ್ದಿತ್ತು.

ನಾನು ಹಿತ್ತಲಿಗೆ ಹೋಗಿ ಆ ಮುರುಕು ಗೋಡೆಯ ಆಚೆ ನಿಂತೆ. ಇದ್ದದ್ದನ್ನು ಇದ್ದ ಹಾಗೇ ತೆಗೆಯುವುದಕ್ಕಾಗಿ ಮಲ್ಲಪ್ಪನ ಗಡ್ಡ ಬೋಳಿಸಿದರು. ತಲೆಗೆ ಮದುವೆಯ ಪಟಕಾ ಸುತ್ತಿಸಿದರು. ನೂಲು ಸುತ್ತುವ ರಾಟಿಯನ್ನು ಎಂದೂ ಮುಟ್ಟದ ಅವನ ಹೆಂಡತಿಯನ್ನು ರಾಟಿಯ ಮುಂದೆ ಕೂರಿಸಿದರು. ನನ್ನ ಹೊಟ್ಟೆಯೊಳಗೆ ಒಲೆ ಹತ್ತಿತು. ಕೊನೆಯ ಅಸ್ತ್ರ ಬಿಟ್ಟೆ: “ಲೇ ಮಲ್ಲ, ಇವತ್ತ ಅಮಾಸಿ ಐತೆಲೇ!”

“ಗೊತ್ತೈತಿ ಬಿಡೋ ಮಾರಾಯ,” ಎಂದು ಅವನು ಪಿಸುಗುಟ್ಟಿದ. “ಕಂಡಿಕಿ ತಗದೀನಿ. ಬರೇ ಲಾಳಿ ಒಗ್ಯಾಕತ್ತೇನಿ. ಸಾಹೇಬ್ರಿಗೇನ್ ತಿಳೀತೈತಿ?” ನೂಲಿನ ಕಂಡಿಕೆಯಿಲ್ಲದ ಲಾಳಿ ಒಂದು ಎಳೆಯನ್ನೂ ನೇಯದೆ ಆ ಕಡೆ ಈ ಕಡೆ ಓಡಿತು. ಸಾಹೇಬರು “ವಾಹವಾ” ಅಂದರು.

ಕೆಲವು ತಿಂಗಳ ನಂತರ ಆ ಚಿತ್ರ ನಮ್ಮ ಟಾಕೀಸಿಗೇ ಬಂತು. ಅಂದು ಯಾರೂ ಬೀಡಿಗೆ ಎದ್ದು ಹೋಗಲಿಲ್ಲ. ಮಲ್ಲಪ್ಪ ಅದೇ ಪಟಕಾ ಸುತ್ತಿಕೊಂಡು ಮುಂದೆಯೇ ಕೂತಿದ್ದ. ಪರದೆಯ ಮೇಲೆ ಎರಡು ಕೈ ಬಂದವು, ಲಾಳಿ ಬಂತು. “ದಾರದ ಮೇಲೆ ದಾರ ಕೂಡಿಸುತ್ತಿರುವ ನೇಕಾರ,” ಎಂದಿತು ಗಂಭೀರ ದನಿ. ಕೂತವರೆಲ್ಲ ನೇಕಾರರೇ. “ದಾರ ಎಲ್ಲೈತೋ? ಲಾಳಿ ಖಾಲಿ ಐತಿ!” ಎಂದು ಟಾಕೀಸೇ ಕೂಗಿತು. ಜೀವನದಲ್ಲಿ ನಾನು ಅಷ್ಟು ಸುಖಪಟ್ಟದ್ದಿಲ್ಲ.

ಅಷ್ಟರಲ್ಲಿ ಪರದೆಯ ತುಂಬ ಒಂದು ಮುಖ ಬಂತು. ಮುರುಕು ಗೋಡೆ, ಅದರಾಚೆ ಕಣ್ಣು ಕೆಕ್ಕರಿಸಿಕೊಂಡು, ತುಟಿ ಕಚ್ಚಿ ನಿಂತ ನಾನು. “ನೆರೆಯವನ ಕೈಚಳಕ ಕಂಡು ಹಿಗ್ಗುತ್ತಿರುವ ಗ್ರಾಮಸ್ಥ,” ಎಂದಿತು ದನಿ. ಆ ಚಿತ್ರದಲ್ಲಿ ಯಾರೂ ಹೇಳಿಕೊಟ್ಟು ಮಾಡಿಸದೆ ಇದ್ದದ್ದು ಇದ್ದ ಹಾಗೇ ಬಂದದ್ದು ನನ್ನ ಮುಖ ಒಂದೇ. ಜನ ಬಿದ್ದು ಬಿದ್ದು ನಕ್ಕರು. “ಈ ಮಾರಿ ನಾ ದಿನಾ ನೋಡ್ತೀನ್ರೀ,” ಅಂದಳು ಪಕ್ಕದಲ್ಲಿ ಕೂತಿದ್ದ ಶಂಕ್ರವ್ವ.

ಹೊರಗೆ ಮಲ್ಲಪ್ಪ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. “ಮನಿ ನಂದು, ಮಗ್ಗ ನಂದು. ನನ್ನ ಮಾರಿ ಒಂದ ಸಲನೂ ಬರ್ಲಿಲ್ಲ. ನಿಂದು ಪರದೇ ತುಂಬ ಬಂತಲ್ಲೋ!” ಅಂದ. ಅವನೂ ಕಣ್ಣು ಕೆಕ್ಕರಿಸಿದ್ದ, ತುಟಿ ಹಲ್ಲಿನಡಿ ಸಿಕ್ಕಿತ್ತು. ನನಗಿಂತ ಎಷ್ಟೋ ಚೆನ್ನಾಗಿ ಉರಿಯುತ್ತಿದ್ದ. ಹೊಟ್ಟೆಕಿಚ್ಚಿನಲ್ಲೂ ಅವನು ನನ್ನನ್ನು ಮೀರಿಸಿಬಿಟ್ಟನಲ್ಲ ಎಂದು ಅಂದಿನಿಂದ ನನಗೆ ನಿದ್ದೆಯಿಲ್ಲ.