ಗಂಗಾಧರಯ್ಯ ಹೆಡ್ಡು ಬಿಚ್ಚಿದ್ದು

ಆಯುಧಪೂಜೆಯ ಹಿಂದಿನ ದಿನ ಮಾವನಿಂದ ಒಂದು ಕಾರ್ಡು ಬಂತು. ಜರಗನಹಳ್ಳಿಯ ತಿಮ್ಮರಾಯಪ್ಪನವರಿಗೆ ಹತ್ತು ಎಕರೆ ಜಮೀನಿದ್ದರೂ ಅಕ್ಷರದಲ್ಲಿ ಮಾತ್ರ ಮಹಾ ಜಿಪುಣರು. ‘ಹಬ್ಬದ ದಿನ ಸಾಯಂಕಾಲ ನಾಲ್ಕಕ್ಕೆ ಬರುತ್ತೇನೆ. ಮೋಟರ್ ಸೈಕಲ್ ನೋಡಬೇಕು. ಸರಿಯಾಗಿ ಓಡದಿದ್ದರೆ ಬೇರೆ ಯೋಚನೆ ಮಾಡೋಣ’ ಎಂದಷ್ಟೇ ಬರೆದಿದ್ದರು.

ಹನುಮಂತನಗರದ ಗುಮಾಸ್ತ ಗಂಗಾಧರಯ್ಯ ಕಾರ್ಡನ್ನು ಎರಡು ಸಲ ಓದಿದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಆ ಗಾಡಿಯನ್ನು ಮಾವ ಮದುವೆಯಲ್ಲಿ ಓಡಿಸಿಕೊಳ್ಳಲು ಕೊಟ್ಟಿದ್ದರು. ಕೊಟ್ಟವರು ವಾಪಸ್ಸು ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ‘ಬೇರೆ ಯೋಚನೆ’ ಎಂದರೆ ಇಟ್ಟುಕೊಳ್ಳಲು ಬಾರದವನ ಕೈಯಿಂದ ಗಾಡಿ ಕಿತ್ತು ಇನ್ನೊಬ್ಬ ಅಳಿಯನಿಗೆ ಕೊಡುವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಯನಗರದಲ್ಲಿದ್ದ ಅವನ ಷಡ್ಡಕ ಕಿಟ್ಟಿ ಇನ್ನೂ ಸಿಟಿ ಬಸ್ಸಿಗೆ ಕ್ಯೂ ನಿಲ್ಲುತ್ತಿದ್ದ, ಹಬ್ಬಕ್ಕೆ ಬಂದಾಗಲೆಲ್ಲ ಗಾಡಿಯ ಸೀಟನ್ನು ಸವರಿ ಹೋಗುತ್ತಿದ್ದ.

ಗಾಡಿಯೋ, ಈಚೆಗೆ ಗುಡ್ಡದ ಏರಿನಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಇಂಗ್ಲಿಷ್ ಪುಸ್ತಕವೊಂದು ಇದಕ್ಕೆ ಮದ್ದು ಹೇಳಿತ್ತು: ಎಂಜಿನ್ನಿನ ಮೇಲಿನ ಹೆಡ್ಡು ಬಿಚ್ಚಿ, ಒಳಗೆ ಕಟ್ಟಿದ ಮಸಿ ಕೆರೆದು, ಮತ್ತೆ ಕೂರಿಸಬೇಕು. ಮೂರು ಗಂಟೆಯ ಕೆಲಸ. ಬರೆದ ಇಂಗ್ಲಿಷಿನವನಿಗೆ ಆಯುಧಪೂಜೆ ಎಂಬುದೊಂದಿದೆಯೆಂದು ಗೊತ್ತಿರಲಿಲ್ಲ, ಪಾಪ.

ಬೆಳಿಗ್ಗೆ ಆರಕ್ಕೇ ಗಂಗಾಧರಯ್ಯ ಅಂಗಳದಲ್ಲಿ ಗೋಣಿತಾಟು ಹಾಸಿ ಕೂತ. ಪೆಟ್ರೋಲ್ ಟ್ಯಾಂಕು ಇಳಿಸಿದ, ಮುಚ್ಚಳ ತೆಗೆದ, ಬಿಚ್ಚಿದ ಬೋಲ್ಟುಗಳನ್ನು ಇಡ್ಲಿತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಜೋಡಿಸಿದ. ಎದುರುಮನೆಯ ಸೇತುರಾಮಯ್ಯ ಕಾಫಿ ಲೋಟದ ಸಮೇತ ಹಾಜರಾದರು. ಜನ್ಮದಲ್ಲಿ ಸೈಕಲ್ಲೂ ತುಳಿಯದ ಅವರಿಗೆ ಎಂಜಿನ್ನಿನ ವಿಷಯದಲ್ಲಿ ದೃಢವಾದ ಅಭಿಪ್ರಾಯಗಳಿದ್ದವು. ಬೋಲ್ಟುಗಳೆಲ್ಲ ಬಂದರೂ ಹೆಡ್ಡು ಮಾತ್ರ ಕದಲದೆ ಕೂತಾಗ, ಬಿಸಿನೀರು ಹುಯ್ಯಿರಿ ಎಂದೂ ಗಾಡಿಯನ್ನು ಚೆನ್ನಾಗಿ ಬಯ್ಯಿರಿ ಎಂದೂ ಸಲಹೆ ಕೊಟ್ಟರು. ಕೊನೆಗೆ ಹೆಂಡತಿ ಗೌರಮ್ಮ ಒಳಗಿನಿಂದ ಲಟ್ಟಣಿಗೆ ತಂದುಕೊಟ್ಟಳು. ಸುತ್ತಲೂ ಮೆಲ್ಲಗೆ ನಾಲ್ಕು ತಟ್ಟಿದ ಮೇಲೆ ಹೆಡ್ಡು ಉಸಿರು ಬಿಟ್ಟು ಮೇಲೆದ್ದಿತು. ದೋಸೆ ಮಗುಚುವ ಕಬ್ಬಿಣದ ಕೈಯಿಂದ ಮಸಿ ಕೆರೆದದ್ದಾಯಿತು. ಹೆಡ್ಡಿನ ಅಡಿಯಲ್ಲಿ ಕೂರುವ ತಾಮ್ರದ ಬಳೆಯನ್ನು ಗೌರಮ್ಮ ಪೂಜೆ ಪಾತ್ರೆಗಳ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದಳು, ಅದು ಫಳಫಳ ಹೊಳೆಯಿತು. ಒಂಬತ್ತಕ್ಕೆಲ್ಲ ಅರ್ಧ ಗೆದ್ದೆನೆಂದು ಗಂಗಾಧರಯ್ಯ ಹಾಡಿಕೊಳ್ಳುತ್ತ ಸ್ನಾನಕ್ಕೆ ಹೋದ.

ಕೆಟ್ಟದ್ದು ಅಲ್ಲೇ. ಬಂದು ನೋಡಿದರೆ ತಾಯಿ ಅಕ್ಕಯಮ್ಮ ನಡುಮನೆಯ ಬಾಳೆಲೆಯ ಮೇಲೆ ಹೆಡ್ಡನ್ನು ಕೂರಿಸಿ, ಅರಿಶಿನ ಕುಂಕುಮ ಬಳಿದು, ಸೇವಂತಿಗೆ ಮುಡಿಸಿಬಿಟ್ಟಿದ್ದರು. ಮುಂದೆ ಕುಡುಗೋಲು, ಈಳಿಗೆಮಣೆ, ಅವುಗಳ ಪಕ್ಕ ಅವನ ಸ್ಪಾನರುಗಳು ಸಾಲಾಗಿ ಮಲಗಿದ್ದವು. ಮಂಗಳಾರತಿಯೂ ಮುಗಿದಿತ್ತು. ಅವನು ಸ್ಪಾನರಿಗೆ ಕೈ ಚಾಚಿದ.

“ಪೂಜೆಗೆ ಕೂತಿದ್ದನ್ನ ನಾಳೆ ಗಂಟ ಮುಟ್ಟಂಗಿಲ್ಲ ಕಣೋ ಗಂಗ,” ಎಂದರು ಅಕ್ಕಯಮ್ಮ. “ವರ್ಷವೆಲ್ಲ ದುಡೀತವೆ, ಒಂದಿನ ಅವಕ್ಕೂ ರಜ ಬೇಡ್ವಾ?”

ಮಾವ ಬರುತ್ತಾರೆ, ಗಾಡಿ ಕೈತಪ್ಪುತ್ತದೆ ಎಂದು ಅವನು ಅಂಗಲಾಚಿದ. ಅಕ್ಕಯಮ್ಮ ಜಗ್ಗಲಿಲ್ಲ. ಆಗ ಗೌರಮ್ಮ ಮೆಲ್ಲಗೆ ಬಾಯಿ ಹಾಕಿದಳು. “ಅತ್ತೆ, ಗಾಡಿ ಹೊರಗೆ ರುಂಡ ಇಲ್ದೆ ನಿಂತೈತೆ, ಹಬ್ಬದ ದಿನ. ಗಣಪನಿಗೂ ತಲೆ ಕೂಡಿಸಿದ ಮೇಲೆ ತಾನೆ ಪೂಜೆ?”

ಅಕ್ಕಯಮ್ಮ ಅರೆಗಳಿಗೆ ಯೋಚಿಸಿ ಹೆಡ್ಡನ್ನು ಬಿಟ್ಟುಕೊಟ್ಟರು. ಸ್ಪಾನರುಗಳನ್ನು ಮಾತ್ರ ಬಿಡಲಿಲ್ಲ.

ಗಂಗಾಧರಯ್ಯ ಸ್ಪಾನರಿಗಾಗಿ ಬೀದಿಯಲ್ಲಿ ಮನೆಮನೆ ಹತ್ತಿ ಇಳಿದ. ದರ್ಜಿಯ ಕತ್ತರಿಯಿಂದ ಹಿಡಿದು ಹಿಟ್ಟಿನ ಗಿರಣಿಯ ಸುತ್ತಿಗೆಯವರೆಗೆ ಎಲ್ಲದಕ್ಕೂ ಕುಂಕುಮವಾಗಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು, ಅಳು ಬರುವ ಹಾಗಾಯಿತು. ಬೀದಿಯ ಕೊನೆಯಲ್ಲಿ ಸೈಕಲ್ ಶಾಪಿನ ಬೈರಣ್ಣ ಮಾತ್ರ ಹೂವಿಲ್ಲದ ಬಾಗಿಲಲ್ಲಿ ಬೀಡಿ ಸೇದುತ್ತ ಕೂತಿದ್ದ.

“ನಮಗೆ ಹಬ್ಬ ಇಲ್ಲ ಸಾಮಿ,” ಎಂದ ಬೈರಣ್ಣ. “ಕೋಣನಕುಂಟೆಲಿ ದಾಯಾದಿ ಅಜ್ಜಿ ತೀರ್ಕೊಂಡ್ರು. ಹನ್ನೊಂದು ದಿನ ಸೂತಕ.”

ಗಂಗಾಧರಯ್ಯ ದುಃಖದ ಮುಖ ಮಾಡಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟ, ಆಗಲಿಲ್ಲ. ಸೂತಕದ ಮನೆಯಲ್ಲಿ ಪೂಜೆಯಿಲ್ಲ. ಪೂಜೆಯಿಲ್ಲದ ಮೇಲೆ ಸ್ಪಾನರಿಗೆ ರಜವೂ ಇಲ್ಲ. ಆ ಅಜ್ಜಿಗೆ ಅವನು ಮನಸ್ಸಿನಲ್ಲೇ ಕೈಮುಗಿದ.

ಆದರೆ ಸೂತಕದ ಕಬ್ಬಿಣ ಹಬ್ಬದ ಮನೆಯ ಅಂಗಳಕ್ಕೂ ಬರಕೂಡದೆಂದು ಅಕ್ಕಯಮ್ಮ ಅಡ್ಡ ನಿಂತರು. ಸರಿ, ಸ್ಪಾನರು ಬರದಿದ್ದರೆ ಗಾಡಿಯೇ ಹೋಗಲಿ ಎಂದು ಮೆರವಣಿಗೆ ಹೊರಟಿತು. ಮುಂದೆ ಸೀಟಿಗೆ ಟ್ಯಾಂಕು ಕಟ್ಟಿದ ತಲೆಯಿಲ್ಲದ ಗಾಡಿಯನ್ನು ತಳ್ಳುತ್ತ ಗಂಗಾಧರಯ್ಯ, ಹಿಂದೆ ಕುಂಕುಮ ಹಚ್ಚಿದ ಹೆಡ್ಡನ್ನು ಮೊರದಲ್ಲಿ ಹೊತ್ತ ಗೌರಮ್ಮ, ಅವಳ ಹಿಂದೆ ತಾಮ್ರದ ಬಳೆಯನ್ನು ಕೈಗೆ ತೊಟ್ಟು ಇಡ್ಲಿತಟ್ಟೆ ಹಿಡಿದ ಸೇತುರಾಮಯ್ಯ. ಯಾವ ದೇವರ ಉತ್ಸವವೋ ಎಂದು ಒಬ್ಬ ಮುದುಕಿ ಕೈಮುಗಿದಳು.

ಬೈರಣ್ಣ ತಾನೇ ಬಿಗಿದುಕೊಡುತ್ತೇನೆಂದರೂ ಗಂಗಾಧರಯ್ಯ ಒಪ್ಪಲಿಲ್ಲ. ಬಿಚ್ಚಿದವನೇ ಕೂಡಿಸಬೇಕು ಎಂದು ಹಟ ಹಿಡಿದ. ಬಳೆ ಕೂರಿಸಿ, ಹೆಡ್ಡು ಇಳಿಸಿ, ಪುಸ್ತಕದಲ್ಲಿದ್ದ ಹಾಗೆ ಮೂಲೆಯಿಂದ ಮೂಲೆಗೆ ಬಿಗಿದ. ಮೂರೂವರೆಗೆ ಟ್ಯಾಂಕು ಏರಿತು. ಮೊದಲ ಒದೆತಕ್ಕೆ ಸದ್ದಿಲ್ಲ, ಐದನೆಯದಕ್ಕೂ ಇಲ್ಲ. ಸೇರಿದ್ದ ಜನ ನಗತೊಡಗಿದರು. ಪೆಟ್ರೋಲಿನ ನಲ್ಲಿ ತಿರುಗಿಸಿಲ್ಲವೆಂದು ಅವನಿಗೆ ಹೊಳೆಯಿತು. ತಿರುಗಿಸಿ ಒದ್ದ. ಗಾಡಿ ಗುಡುಗಿತು. ಬೈರಣ್ಣ ಸೂತಕ ಮರೆತು ಶಿಳ್ಳೆ ಹಾಕಿದ. ಗಂಗಾಧರಯ್ಯನಿಗೆ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ, ಗೌರಮ್ಮ ಎದುರಿಗೇ ಇದ್ದುದರಿಂದ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ನಾಲ್ಕಕ್ಕೆ ಬಂದ ಮಾವನನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ಏರನ್ನು ಎರಡು ಸಲ ಹತ್ತಿಸಿದ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ತಿಮ್ಮರಾಯಪ್ಪನವರು ಬಹಳ ಮೆಚ್ಚಿಕೊಂಡು, ಮನೆಗೆ ಬಂದು ಎರಡು ಹೋಳಿಗೆ ತಿಂದು, ಒಳಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು.

“ಅಳಿಯಂದ್ರೇ, ನಾಲ್ಕು ವರ್ಷದ ಹಿಂದೆ ಹೊಸ ಸ್ಕೂಟರಿಗೆ ಹೆಸರು ಬರೆಸಿದ್ದೆ. ಈಗ ನಂಬರ್ ಬಂದೈತೆ. ಹಳೇದನ್ನ ಕಟ್ಕೊಂಡು ಒದ್ದಾಡ್ತಿರ್ತೀರಿ, ಹೊಸದನ್ನ ನಿಮಗೇ ಕೊಟ್ಬಿಡೋಣ ಅಂತ ಬಂದೆ. ನೋಡಿದ್ರೆ ಇದೇ ಕುದುರೆ ಥರ ಓಡ್ತೈತೆ. ಪಾಪ, ಕಿಟ್ಟಿಯವ್ರು ಬಸ್ಸಲ್ಲಿ ಓಡಾಡ್ತಾವ್ರೆ. ಅವ್ರೇ ಇಟ್ಕೊಳ್ಳಲಿ.”

ಗಂಗಾಧರಯ್ಯ ಕಚ್ಚಿದ ಹೋಳಿಗೆಯನ್ನು ತಟ್ಟೆಗೆ ಇಟ್ಟ. ಹಳೆಯ ಗಾಡಿ, ಇಂದು ಓಡಿದೆ, ನಾಳೆ ಹೇಗೋ ಏನೋ ಎಂದು ತೊದಲಿದ.

“ಏನ್ರೀ ಹಾಗಂತೀರಿ?” ಎಂದರು ಹೋಳಿಗೆಗೆ ಬಂದು ಕೂತಿದ್ದ ಸೇತುರಾಮಯ್ಯ. “ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಇನ್ನು ಹತ್ತು ವರ್ಷ ಇದಕ್ಕೆ ಏನೂ ಆಗೋದಿಲ್ಲ.”

ಮಾವನಿಗೆ ಪೂರ್ತಿ ಸಮಾಧಾನವಾಯಿತು. ಕಾಗದವನ್ನು ಈಗಲೇ ಕಿಟ್ಟಿಯ ಕೈಗೆ ಕೊಡಬೇಕು, ನನ್ನನ್ನು ಗಾಡಿಯಲ್ಲೇ ಬಿಟ್ಟುಬಿಡಿ ಎಂದರು. ಗಂಗಾಧರಯ್ಯ ಅರೆಮನಸ್ಸಿನಿಂದ ಒದ್ದ ಮೊದಲ ಒದೆತಕ್ಕೇ ಎಂಜಿನ್ನು ಹೊತ್ತಿಕೊಂಡಿತು. ಎಲ್ಲಾದರೂ ಕೆಟ್ಟು ನಿಂತು ಸ್ಕೂಟರು ಉಳಿಸಿಕೊಡು ತಾಯಿ ಎಂದು ಗಾಡಿಯನ್ನು ದಾರಿಯುದ್ದಕ್ಕೂ ಬೇಡಿಕೊಂಡ. ಜಯನಗರದಲ್ಲಿ ಕಿಟ್ಟಿಯ ಗೇಟಿನ ಮುಂದೆ ಅವನೇ ನಿಲ್ಲಿಸುವವರೆಗೂ ಅದು ನಿಲ್ಲಲಿಲ್ಲ.