ಮಗ್ಗದ ಶೆಡ್ಡಿನಲ್ಲಿ ಒಂದು ಆಫೀಸು

ನಗಿಸುವ ಧಾರಾವಾಹಿ ಮಾಡುವವರ ಪಾಡು ವಿಚಿತ್ರ. ಕ್ಯಾಮೆರಾ ಮುಂದೆ ಒಂದು ನಗು ಹುಟ್ಟಿಸಲು ಬೆಳಗಿನಿಂದ ಒದ್ದಾಡುತ್ತಿರುತ್ತೇವೆ, ಕ್ಯಾಮೆರಾ ಹಿಂದೆ ಅದು ಪುಕ್ಕಟೆಯಾಗಿ ನಡೆದುಹೋಗುತ್ತಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಆಫ್ ಆಗಿರುತ್ತದೆ.

ನಮ್ಮ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ನಡೆದಷ್ಟು ದಿನವೂ ಹೀಗೇ. ತಾನು ಹುಟ್ಟಾ ನಾಯಕ ಎಂದು ನಂಬಿಕೊಂಡಿರುವ ಒಬ್ಬ ಮ್ಯಾನೇಜರು, ಅವನ ನಾಯಕತ್ವದಿಂದ ಹೇಗೋ ತಪ್ಪಿಸಿಕೊಂಡು ಆಫೀಸಿನ ಕೆಲಸ ಮಾಡಬೇಕಾದ ನಾಲ್ಕು ಜನ ಸಿಬ್ಬಂದಿ. ಕಥೆ ಇಷ್ಟೇ. ಸಂಭಾಷಣೆ ಬರೆಯುವುದು ನನ್ನ ಪಾಲಿನ ಕೆಲಸ. ಬೆಂಗಳೂರಿನ ಸ್ಟುಡಿಯೋಗಳು ನಮ್ಮ ಕೈಗೆಟುಕದೆ, ನಮ್ಮೂರು ದೊಡ್ಡಬಳ್ಳಾಪುರದ ಅಂಚಿನಲ್ಲಿ ಖಾಲಿ ಬಿದ್ದಿದ್ದ ಒಂದು ಮಗ್ಗದ ಶೆಡ್ಡಿನೊಳಗೆ ಆಫೀಸಿನ ಸೆಟ್ ಹಾಕಿಕೊಂಡೆವು.

ನಾಳೆ ಬನ್ನಿ

ಕಲಾ ನಿರ್ದೇಶಕರು ಸೆಟ್ಟಿನ ಬಾಗಿಲಿಗೆ ‘ವಿಭಾಗೀಯ ಕಚೇರಿ’ ಎಂದು ಬೋರ್ಡು ಬರೆಸಿದ್ದರು. ಯಾವ ವಿಭಾಗ ಎಂದು ಬರೆಸಿರಲಿಲ್ಲ. ಒಂದು ದಿನ ಅಲ್ಲೇ ಹತ್ತಿರದ ಮಧುರೆ ಹೋಬಳಿ ಕಡೆಯ ಯಜಮಾನರೊಬ್ಬರು ಬಸ್ಸಿಳಿದು, ಬೋರ್ಡು ನೋಡಿ, ಚಪ್ಪಲಿ ಹೊರಗೆ ಬಿಟ್ಟು ನೇರವಾಗಿ ಒಳಗೆ ಬಂದರು. ಒಳಗೆ ರಿಹರ್ಸಲ್ ನಡೆಯುತ್ತಿತ್ತು. ಮ್ಯಾನೇಜರ್ ಪಾತ್ರಧಾರಿಯ ಎದುರಿನ ಕುರ್ಚಿಯಲ್ಲಿ ಕೂತು ಶುರು ಮಾಡಿದರು.

“ಸಾಮಿ, ನಮ್ಮ ಬೀದಿ ಲೈಟು ಹಗಲೆಲ್ಲಾ ಉರೀತದೆ, ಕತ್ತಲಾದ್ರೆ ಆರೋಗ್ತದೆ.”

ನಿರ್ದೇಶಕರು ಹೊಸ ನಟನನ್ನು ಕರೆಸಿದ್ದಾರೆ ಎಂದುಕೊಂಡು ನಮ್ಮ ಮ್ಯಾನೇಜರು ಪಾತ್ರ ಬಿಟ್ಟು ಕದಲಲಿಲ್ಲ. ಗಂಭೀರವಾಗಿ ತಲೆಯಾಡಿಸಿದರು. “ಹಗಲು ಉರೀತಾ ಇದೆ ತಾನೇ? ಅಂದ್ಮೇಲೆ ಲೈಟು ಸರಿಯಾಗೇ ಇದೆ. ಟೈಮಿಂದೇ ಪ್ರಾಬ್ಲಮ್ಮು. ಆ ಸೆಕ್ಷನ್ನೇ ಬೇರೆ. ನಾಳೆ ಬನ್ನಿ.”

ಯಜಮಾನರು ಕೈ ಮುಗಿದು ಹೊರಟರು. ನನಗೆ ಪಾಪ ಅನ್ನಿಸಿ ಹಿಂದೆಯೇ ಓಡಿದೆ. “ಯಜಮಾನ್ರೇ, ಇದು ನಿಜವಾದ ಆಫೀಸಲ್ಲ. ಟೀವಿ ಸೀರಿಯಲ್ದು.”

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನ್ನನ್ನೇ ಕರುಣೆಯಿಂದ ನೋಡಿದರು. “ಬುಡಮ್ಮ, ನಂಗೇ ಹೇಳ್ತೀಯಾ? ನಾಳೆ ಬನ್ನಿ ಅಂದ್ರಲ್ಲ!”

ಮಗ್ಗವೇ ವಾಸಿ

ನಮ್ಮ ಶೆಡ್ಡಿನ ಮಗ್ಗಗಳು ಎಂದೋ ನಿಂತುಹೋಗಿದ್ದವು, ಪಕ್ಕದ ಶೆಡ್ಡಿನವು ನಿಂತಿರಲಿಲ್ಲ. ಮ್ಯಾನೇಜರು ಮೆಲ್ಲಗೆ ಬೈದರೂ ಸರಿ, ಕ್ಲರ್ಕು ಗುಟ್ಟು ಹೇಳಿದರೂ ಸರಿ, ಹಿಂದೆ ಟಕಟಕ ಟಕಟಕ. ಸೌಂಡಿನ ಹುಡುಗಿ ಹೆಡ್‌ಫೋನು ಕಿತ್ತಿಟ್ಟು ಅಳುವುದೊಂದು ಬಾಕಿ. ಕಡೆಗೆ ನಿರ್ದೇಶಕರು ಪಕ್ಕದ ಮಾಲೀಕರ ಹತ್ತಿರ ಹೋಗಿ ಕೈ ಮುಗಿದರು. ಆತ ಒಳ್ಳೆಯ ಮನುಷ್ಯ. “ನಮ್ಮೋರು ಟೀ ಕುಡಿಯೋವಾಗ ಮಗ್ಗ ನಿಲ್ಲಿಸ್ತೀವಿ, ಆಗ ತೆಕ್ಕೊಳ್ಳಿ ನಿಮ್ಮ ಸೀನು. ಆದ್ರೆ ನಮ್ಮೋರ್ಗೂ ಶೂಟಿಂಗ್ ನೋಡೋಕೆ ಬಿಡ್ಬೇಕು” ಎಂದರು.

ಮಾರನೆಯ ದಿನ ಟೀ ಹೊತ್ತಿಗೆ ಮಗ್ಗಗಳೆಲ್ಲ ಗಪ್‌ಚುಪ್. ನೇಕಾರರು ಲೋಟ ಹಿಡಿದು ಗೋಡೆಗೆ ಒರಗಿ ನಿಂತರು. ನಿರ್ದೇಶಕರು ಆ್ಯಕ್ಷನ್ ಎಂದರು. ಮ್ಯಾನೇಜರು ಮೊದಲನೆಯ ಮಾತು ಆಡಿದರು, ಹೋ ಎಂದು ನಗು. ಕಟ್. ಬಾಯಿಗೆ ಟವೆಲ್ಲು ಮುಚ್ಚಿಕೊಳ್ಳಿ ಎಂದೆವು, ಟವೆಲ್ಲಿನೊಳಗಿಂದ ಕುಸುಕುಸು. ಕಟ್. ಒಬ್ಬರಂತೂ ಮ್ಯಾನೇಜರು ಬಾಯಿ ತೆರೆಯುವ ಮೊದಲೇ ನಕ್ಕುಬಿಟ್ಟರು. ಬರೆದವಳು ನಾನು, ಹಿಗ್ಗಿ ಹೀರೇಕಾಯಿಯಾಗಿದ್ದೆ. ಟೀ ಮುಗಿಯಿತು, ಸೀನು ಮುಗಿಯಲಿಲ್ಲ.

ಸೌಂಡಿನ ಹುಡುಗಿ ಹೆಡ್‌ಫೋನು ತೆಗೆದು ನಿರ್ದೇಶಕರಿಗೆ ಹೇಳಿದಳು: “ಮಗ್ಗಾನೇ ವಾಸಿ ಸಾರ್. ಅದಕ್ಕೆ ಜೋಕು ಅರ್ಥ ಆಗಲ್ಲ.”

ಎದ್ದು ನಿಂತ ಸಾಹೇಬರು

ಮ್ಯಾನೇಜರ್ ಪಾತ್ರ ಮಾಡಿದವರು ನಿವೃತ್ತ ಅಟೆಂಡರ್. ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಕಿರೀಟ ಹೊತ್ತು ಗದೆ ತಿರುಗಿಸಿ ಹೆಸರು ಮಾಡಿದ್ದವರು. ಗತ್ತಿನ ನಡಿಗೆ, ಗಡಸು ದನಿ, ಹೇಳಿ ಮಾಡಿಸಿದ ಹಾಗಿದ್ದರು. ಅಟೆಂಡರ್ ಪಾತ್ರಕ್ಕೆ ಯಾರೂ ಸಿಕ್ಕಿರಲಿಲ್ಲ. ಆಗ ಒಬ್ಬರು ನಿವೃತ್ತ ಅಧಿಕಾರಿ, “ಮನೇಲಿ ಹೊತ್ತು ಹೋಗಲ್ಲ, ಯಾವ ಪಾತ್ರ ಆದ್ರೂ ಸರಿ” ಎಂದು ಬಂದರು. ತಕ್ಷಣ ಒಪ್ಪಿಕೊಂಡೆವು.

ಮೊದಲನೆಯ ದಿನ ದೃಶ್ಯ ಸುಲಭದ್ದು. ಅಟೆಂಡರ್ ಕಾಫಿ ತಂದು ಇಡಬೇಕು, ಮ್ಯಾನೇಜರು ಫೋನಿನಲ್ಲೇ ಇದ್ದು ಅವನ ಕಡೆ ನೋಡಲೇಬಾರದು. ಅಧಿಕಾರಿಗಳು ಟ್ರೇ ಹಿಡಿದು ಒಳಗೆ ಬಂದರು. ನಮ್ಮ ಮ್ಯಾನೇಜರು ಫೋನು ಬಿಸಾಕಿ ಧಡಕ್ಕನೆ ಎದ್ದು ನಿಂತರು.

“ಸಾರ್, ನೀವು ಬಾಸು. ಏಳಬಾರ್ದು” ಎಂದರು ನಿರ್ದೇಶಕರು.

“ಗೊತ್ತು ಸಾರ್. ಕಾಲಿಗೆ ಗೊತ್ತಾಗ್ತಿಲ್ಲ.”

ಆಮೇಲೆ ವಿಷಯ ಹೊರಗೆ ಬಂತು. ಇಬ್ಬರೂ ಒಂದೇ ಆಫೀಸಿನವರು. ಆ ಅಧಿಕಾರಿಯ ಛೇಂಬರಿನ ಬಾಗಿಲಲ್ಲೇ ಇವರ ಸರ್ವಿಸೆಲ್ಲ ಕಳೆದಿತ್ತು. ಮತ್ತೆ ಟೇಕು, ಮತ್ತೆ ಎದ್ದರು. ಮೇಜನ್ನು ಹೊಟ್ಟೆಗೆ ಒತ್ತಿ ಇಟ್ಟೆವು, ಮೇಜಿನ ಸಮೇತ ಎದ್ದರು. ಪಾಪ, ಬೆವತುಹೋಗಿದ್ದರು. “ನಂಗೀ ಪಾತ್ರ ಆಗಲ್ಲ ಮೇಡಂ, ಬೇರೆಯೋರ್ನ ನೋಡ್ಕೊಳ್ಳಿ” ಎಂದು ನನ್ನ ಹತ್ತಿರ ಬಂದು ಹೇಳಿದರು. ಕಣ್ಣಲ್ಲಿ ನೀರು ತುಂಬಿತ್ತು.

ಅಧಿಕಾರಿಗಳು ಟ್ರೇ ಕೆಳಗಿಟ್ಟರು. ಹಳೆಯ ದನಿ ತೆಗೆದು, “ಏನಯ್ಯಾ, ಬಾ ಇಲ್ಲಿ. ಕೂತ್ಕೋ ಆ ಕುರ್ಚೀಲಿ. ನಾನು ಹೇಳೋವರ್ಗೂ ಏಳಬಾರ್ದು. ಇದು ಆರ್ಡರ್!” ಎಂದು ಗದರಿದರು. ಮ್ಯಾನೇಜರು ಕೂತರು. ಕಾಫಿ ಬಂತು, ಕಾಲು ಅಲ್ಲಾಡಲಿಲ್ಲ. ಟೇಕ್ ಓಕೆ.

ಸಂಜೆ ನಮ್ಮ ಮ್ಯಾನೇಜರು ಬಹಳ ಖುಷಿಯಲ್ಲಿದ್ದರು. “ಅಷ್ಟು ವರ್ಷದ ಸರ್ವಿಸಲ್ಲಿ ಸಾಹೇಬ್ರು ಒಂದಿನಾನೂ ಕೂತ್ಕೋ ಅಂದಿರ್ಲಿಲ್ಲ ಮೇಡಂ. ಇವತ್ತು ಅಂದ್ರು!”

ಪಕ್ಕದಲ್ಲೇ ಇದ್ದ ಅಧಿಕಾರಿಗಳು ಗೊಣಗಿದರು: “ಕಾಫಿ ಬೇರೆ ತಂದ್ಕೊಟ್ಟೆ, ಅದನ್ನ ಹೇಳಲ್ಲ ನೋಡಿ.”

ಬೀಳುವ ಪಾಠ

ಧಾರಾವಾಹಿಯಲ್ಲಿ ನಾಯಕತ್ವದ ತರಬೇತಿಯ ಒಂದು ಕಂತಿತ್ತು. ಸಹಜವಾಗಿರಲಿ ಎಂದು ಬೆಂಗಳೂರಿನಿಂದ ನಿಜವಾದ ತರಬೇತುದಾರರನ್ನೇ ಕರೆಸಿದೆವು. ಕೋಟು, ಕೊರಳಿಗೊಂದು ಮೈಕು. ನಮ್ಮ ತಂಡದವರನ್ನೆಲ್ಲ ತಮ್ಮ ಬೆನ್ನ ಹಿಂದೆ ಸಾಲಾಗಿ ನಿಲ್ಲಿಸಿದರು.

“ತಂಡದ ಮೇಲೆ ನಂಬಿಕೆ ಇಡೋನೇ ನಾಯಕ. ಈಗ ನಾನು ಕಣ್ಣು ಮುಚ್ಚಿ ಹಿಂದಕ್ಕೆ ಬೀಳ್ತೀನಿ. ನೀವೆಲ್ಲಾ ಹಿಡೀತೀರ. ಹಿಡೀತೀರ ತಾನೇ?”

“ಹಿಡೀತೀವಿ ಸಾರ್!” ಶೆಡ್ಡು ಹಾರಿಹೋಗುವ ಹಾಗೆ ಕೂಗಿದರು.

ಅವರು ಕಣ್ಣು ಮುಚ್ಚಿದರು. ಕೈ ಅಗಲಿಸಿದರು. ಒಂದು ದೀರ್ಘ ಉಸಿರು ಎಳೆದುಕೊಂಡರು. ಆ ಉಸಿರು ಬಿಡುವಷ್ಟರಲ್ಲಿ ಹೊರಗಿನಿಂದ ಅಡುಗೆಯವರ ದನಿ ಬಂತು: “ಬಿಸಿ ಮುದ್ದೆ, ಕೋಳಿಸಾರು! ಬರ್ರಪ್ಪೋ!”

ಪುಣ್ಯಕ್ಕೆ ಹಿಂದೆ ಹಳೆಯ ನೂಲಿನ ಮೂಟೆಗಳಿದ್ದವು, ಏಟಾಗಲಿಲ್ಲ. ಮೂಟೆಗಳ ನಡುವೆ ಅಂಗಾತ ಮಲಗಿಕೊಂಡೇ ಅವರು ಖಾಲಿ ಶೆಡ್ಡನ್ನು ನೋಡಿದರು. ಉಳಿದಿದ್ದವಳು ನಾನೊಬ್ಬಳೇ.

“ಮೇಡಂ, ಈ ಟೀಮಿಗೆ ಲೀಡರ್ ಯಾರು?”

“ಅಡುಗೆಯವರು ಸಾರ್” ಎಂದೆ.

ಘಾಟಿಯ ಅಜ್ಜಿ

ನಮ್ಮ ಧಾರಾವಾಹಿಯ ಕ್ಲರ್ಕ್ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ಸದಾ ನಿದ್ದೆ ಹೊಡೆಯುವವಳು. ಆ ಪಾತ್ರದ ನಟಿಯೊಂದಿಗೆ ನಾನು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಅಜ್ಜಿ ಅವಳ ಕೈ ಹಿಡಿದು, ಕಣ್ಣಿನ ರೆಪ್ಪೆ ಕೆಳಗೆಳೆದು ಪರೀಕ್ಷೆ ಮಾಡೇಬಿಟ್ಟಿತು.

“ರಕ್ತ ಇಲ್ಲ ಕಣವ್ವಾ ನಿಂಗೆ. ಅದ್ಕೇ ಅಂಗ್ ನಿದ್ದೆ ಬರ್ತದೆ. ದಿನಾ ರಾಗಿ ಅಂಬ್ಲಿ ಕುಡಿ, ಸೊಪ್ಪು ತಿನ್ನು.”

“ಅದು ನಟನೆ ಅಜ್ಜೀ, ನಾನು ಚೆನ್ನಾಗೇ ಇದ್ದೀನಿ.”

ಅಜ್ಜಿ ನನ್ನ ಕಡೆ ತಿರುಗಿ ದನಿ ತಗ್ಗಿಸಿತು: “ಪಾಪ, ಕೆಲ್ಸ ಹೋಗ್ತದೆ ಅಂತ ಮುಚ್ಚಿಡ್ತಾ ಅವ್ಳೆ.”

ಮುಖ್ಯ ಅತಿಥಿ

ಊರ ಹೊರಗಿನ ಕಾರ್ಖಾನೆಯೊಂದರ ವಾರ್ಷಿಕೋತ್ಸವಕ್ಕೆ ನಮ್ಮ ಮ್ಯಾನೇಜರ್ ಪಾತ್ರಧಾರಿಯನ್ನು ಮುಖ್ಯ ಅತಿಥಿಯಾಗಿ ಕರೆದರು. ವಿಷಯ: ನಾಯಕತ್ವ. ಅದೇ ಕಾರ್ಖಾನೆಯಲ್ಲಿ ನಾವು ಶೂಟಿಂಗಿಗೆ ಅನುಮತಿ ಕೇಳಿದ್ದೆವು. ಅಲ್ಲಿನ ಮ್ಯಾನೇಜರು ಇನ್ನೂ ಹೂಂ ಅಂದಿರಲಿಲ್ಲ. ಹಾಗಾಗಿ ನಾನು ಬಹಳ ಮರ್ಯಾದೆಯ ಒಂದು ಭಾಷಣ ಬರೆದುಕೊಟ್ಟು ಜೊತೆಗೇ ಹೋದೆ.

ಸಭೆ ತುಂಬಾ ಕಾರ್ಮಿಕರು. ಕಾರ್ಖಾನೆಯ ಮ್ಯಾನೇಜರು ಮೊದಲ ಸಾಲಿನಲ್ಲಿ, ನಾನು ಅವರ ಪಕ್ಕದಲ್ಲಿ. ನಮ್ಮವರು ಮೈಕಿನ ಮುಂದೆ ನಿಂತರು. ಅಷ್ಟು ಜನವನ್ನು ನೋಡಿದ್ದೇ ತಡ, ಹೊಸ ಭಾಷಣ ಪೂರ್ತಿ ಮರೆತುಹೋಯಿತು. ಮರೆಯದೆ ಉಳಿದಿದ್ದು ಧಾರಾವಾಹಿಯ ಮಾತು ಮಾತ್ರ.

“ನನ್ನ ಬಾಗಿಲು ಎಲ್ಲರಿಗೂ ಸದಾ ತೆರೆದಿರುತ್ತೆ. ಅದಕ್ಕೇ ನಾನು ಒಳಗಿರಲ್ಲ!”

ಹಿಂದಿನಿಂದ ಶಿಳ್ಳೆ. ನಾನು ಪಕ್ಕದಲ್ಲಿದ್ದವರ ಮುಖ ನೋಡಿದೆ.

“ಕೆಲಸ ಕೆಟ್ಟರೆ ನಾವೆಲ್ಲ ಒಂದೇ ಕುಟುಂಬ. ಕೆಲಸ ಗೆದ್ದರೆ, ಕುಟುಂಬಕ್ಕೆ ಯಜಮಾನ ಒಬ್ಬನೇ!”

ಕಾರ್ಮಿಕರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

“ಈ ಮೀಟಿಂಗ್ ಯಾಕೆ? ಹೋದ ಮೀಟಿಂಗಲ್ಲಿ ಏನೂ ತೀರ್ಮಾನ ಆಗ್ಲಿಲ್ಲ ಯಾಕೆ ಅಂತ ತೀರ್ಮಾನ ಮಾಡೋಕೆ!”

ಕುರ್ಚಿಗಳು ಉರುಳಿದವು. ಕಾರ್ಖಾನೆಯ ಮ್ಯಾನೇಜರು ಮಾತ್ರ ನಗಲಿಲ್ಲ. ಕಲ್ಲಿನಂತೆ ಕೂತಿದ್ದರು. ಅನುಮತಿಯ ಆಸೆ ನಾನು ಅಲ್ಲೇ ಬಿಟ್ಟೆ.

ಭಾಷಣ ಮುಗಿದದ್ದೇ ಅವರು ಎದ್ದು ಸರಸರನೆ ವೇದಿಕೆ ಹತ್ತಿದರು. ನಮ್ಮವರ ಎರಡೂ ಕೈ ಹಿಡಿದುಕೊಂಡರು. “ಒಂದೊಂದು ಮಾತೂ ನನ್ನ ಮನಸ್ಸಲ್ಲಿದ್ದಿದ್ದೇ ಸಾರ್. ನಾನು ಹೇಳಿದ್ರೆ ಇವರು ಚಪ್ಪಾಳೆ ಹೊಡೆಯಲ್ಲ, ನೀವು ಹೇಳಿದ್ರೆ ಹೊಡೆದ್ರು!” ಶಾಲು ಹೊದಿಸಿದರು. ಶೂಟಿಂಗಿಗೆ ಅಲ್ಲೇ ಒಪ್ಪಿಗೆ ಕೊಟ್ಟರು.

ಕಾರಿನ ತನಕ ಬಂದು ನನ್ನನ್ನು ಮಾತ್ರ ಪಕ್ಕಕ್ಕೆ ಕರೆದರು. “ಮೇಡಂ, ನಿಮ್ಮ ಸೀರಿಯಲ್ ಒಂದಿನಾನೂ ಬಿಡಲ್ಲ ನಾನು. ಆದ್ರೆ ಅಷ್ಟೊಳ್ಳೆ ಮ್ಯಾನೇಜರ್‌ಗೆ ಆ ನಾಲ್ಕು ಜನ ಅದೆಷ್ಟು ಕಾಟ ಕೊಡ್ತಾರೆ! ನೋಡ್ತಾ ನೋಡ್ತಾ ಕಣ್ಣಲ್ಲಿ ನೀರು ಬಂದ್ಬಿಡುತ್ತೆ.” ಕರವಸ್ತ್ರದಲ್ಲಿ ಮೂಗೊರೆಸಿಕೊಂಡು ಮುಂದುವರಿಸಿದರು. “ನನ್ನ ಹೆಂಡ್ತಿ ಮಕ್ಕಳಿಗೆ ಮನಸ್ಸೇ ಇಲ್ಲ ಮೇಡಂ. ಪಕ್ಕದಲ್ಲೇ ಕೂತು ಬಿದ್ದುಬಿದ್ದು ನಗ್ತಿರ್ತಾರೆ.”